ಅರ್ಧ ಮನೆ ಮೇಲಿನ ಅಜ್ಜ

ನಾನು ಮಾಡಿದ ಮೊದಲ ಕಿರುಚಿತ್ರ 14 ನಿಮಿಷದ್ದು. ಅದರ ತುಂಬ ಅಜ್ಜ ಹಾಡುತ್ತಾರೆ, ಆದರೆ ಅಜ್ಜನ ಮುಖ ಒಂದು ಫ್ರೇಮಿನಲ್ಲೂ ಇಲ್ಲ. ನಾನು ಹುಟ್ಟುವ ಮೊದಲೇ ಅವರು ಹೋಗಿಬಿಟ್ಟಿದ್ದರು. ಉಳಿದದ್ದು ಒಂದು ಕ್ಯಾಸೆಟ್, ಒಂದು ಹಾರ್ಮೋನಿಯಂ, ಮತ್ತೆ 'ನಿಮ್ಮಜ್ಜನ ಕಂಠ ಅಂದ್ರೆ ಏನಂದ್ಕೊಂಡೆ' ಅನ್ನುವ ಮನೆಯವರ ಮಾತು. ಈ ಮೂರನ್ನು ಇಟ್ಟುಕೊಂಡು ಚಿತ್ರ ಮಾಡಲು ಹೊರಟೆ. ಇವು ಒಂದಕ್ಕೊಂದು ತಾಳೆಯಾಗುವುದಿಲ್ಲ ಅಂತ ಗೊತ್ತಾದದ್ದು ಕೆಲಸ ಅರ್ಧ ಆದಮೇಲೆ.

ಇದೆಲ್ಲ ಶುರುವಾದದ್ದು ಒಂದು ಕಮ್ಮಟದಲ್ಲಿ. ಬಂದಿದ್ದ ನಾವೆಲ್ಲ ಇಪ್ಪತ್ತರ ಆಸುಪಾಸಿನವರು. ಕೊಟ್ಟ ವಿಷಯ ಸಂಗೀತ, ಗುರುತು, ನೆನಪು. ಇಂಥ ವಿಷಯ ಕೊಟ್ಟರೆ ಏನು ಬರುತ್ತದೆ ಅಂತ ನಿಮಗೆ ಗೊತ್ತೇ ಇದೆ. ಕಿಟಕಿ ಪಕ್ಕ ಕೂತ ಒಬ್ಬ ಮುದುಕ. ಹಿಂದೆ ನಿಧಾನದ ಪಿಯಾನೊ. ಮೇಲೊಂದು ಪಿಸುದನಿಯ ನಿರೂಪಣೆ. ಮೊದಲ ಸುತ್ತಿನಲ್ಲಿ ಹೆಚ್ಚುಕಮ್ಮಿ ಎಲ್ಲರದೂ ಇದೇ ಕಥೆ. ಹೇಳಿಕೊಡಲು ಬಂದಿದ್ದ ಮೇಷ್ಟ್ರು ಸಮಾಧಾನವಾಗಿ ಕೇಳಿ, 'ಕಥೆ ಆಮೇಲೆ ನೋಡೋಣ. ಮುಂದಿನ ಸಲ ಬರುವಾಗ ಒಬ್ಬೊಬ್ಬರೂ ಒಂದು ಸದ್ದು ತನ್ನಿ' ಅಂದರು.

ಆ ಮಾತು ಫಲ ಕೊಟ್ಟಿತು. ಒಬ್ಬ ಹುಡುಗ ತನ್ನದೇ ಎರಡು ರೆಕಾರ್ಡಿಂಗ್ ತಂದ. ಒಂದು ದನಿ ಒಡೆಯುವ ಮೊದಲಿನದು, ಇನ್ನೊಂದು ಈಗಿನದು, ಎರಡರಲ್ಲೂ ಒಂದೇ ಹಾಡು. ಶಾಲೆಯಲ್ಲಿ ಅವನನ್ನು ಹಾಡೋ ಹುಡುಗ ಅಂತಲೇ ಕರೆಯುತ್ತಿದ್ದರಂತೆ. ದನಿ ಒಡೆದ ಮೇಲೆ ಯಾರಾದರೂ ಹಾಗೆ ಕರೆದರೆ ತಿರುಗಿ ನೋಡುವುದನ್ನೇ ಬಿಟ್ಟನಂತೆ. ಇನ್ನೊಬ್ಬ ಹುಡುಗಿ ತಂದದ್ದು ಅಜ್ಜಿಯ ಜೋಗುಳ. ಆ ಭಾಷೆ ಅವಳಿಗೆ ಬರುವುದಿಲ್ಲ. ಅವಳ ಅಮ್ಮನಿಗೂ ಅರ್ಧಂಬರ್ಧ. ಜೋಗುಳ ಮಾತ್ರ ಮೊದಲಿಂದ ಕೊನೆವರೆಗೆ ಬಾಯಿಪಾಠ. ಒಂದಕ್ಷರ ತಪ್ಪದೆ ಹಾಡುತ್ತಾಳೆ, ಅರ್ಥ ಮಾತ್ರ ಒಂದಕ್ಷರವೂ ಗೊತ್ತಿಲ್ಲ. ಅವಳ ಚಿತ್ರದ ಕಥೆ ಆಮೇಲೆ ಹೇಳುತ್ತೇನೆ.

ನಾನು ಕ್ಯಾಸೆಟ್ ತಂದೆ.

ಹಳೇ ಕ್ಯಾಸೆಟ್ ಕೈಗೆ ಸಿಕ್ಕರೆ ಯಾವುದಾದರೂ ಪ್ಲೇಯರಿಗೆ ಹಾಕಿ ಗುಂಡಿ ಒತ್ತುವ ಆಸೆಯೇ ಮೊದಲು ಬರುವುದು. ನಮ್ಮ ತಂಡದಲ್ಲಿ ಸದ್ದಿನ ಕೆಲಸ ನೋಡಿಕೊಳ್ಳುತ್ತಿದ್ದವನು ಬಿಡಲಿಲ್ಲ. ಅವನನ್ನು ಎಲ್ಲರೂ 'ಸೌಂಡು' ಅಂತಲೇ ಕರೆಯುವುದು, ಇಲ್ಲೂ ಹಾಗೇ ಇರಲಿ. ಸೌಂಡು ಟಾರ್ಚ್ ಹಿಡಿದು ಮೊದಲು ನೋಡಿದ್ದು ಕ್ಯಾಸೆಟ್ಟಿನ ಬಾಯಿಯೊಳಗಿನ ಪುಟ್ಟ ಫೆಲ್ಟ್ ತುಂಡನ್ನು. ಟೇಪನ್ನು ಹೆಡ್ಡಿಗೆ, ಅಂದರೆ ಅದರಲ್ಲಿರುವ ದನಿಯನ್ನು ಓದುವ ಯಂತ್ರದ ಭಾಗಕ್ಕೆ, ಒತ್ತಿ ಹಿಡಿಯುವುದು ಅದೇ. ತೆಳು ತಗಡಿನ ಸ್ಪ್ರಿಂಗ್ ಮೇಲೆ ಅಂಟಿಸಿರುತ್ತಾರೆ. ವರ್ಷಗಳು ಕಳೆದರೆ ಅಂಟು ಒಣಗಿ ಫೆಲ್ಟ್ ಉದುರುತ್ತದೆ, ದನಿ ಮಂಕಾಗುತ್ತದೆ. ನಮ್ಮದರಲ್ಲಿ ಅದು ಆಗಲೇ ಕಳಚಿ ಒಳಗೆ ಬಿದ್ದಿತ್ತು. ಸುಮ್ನೆ ಪ್ಲೇ ಒತ್ತಿದ್ದರೆ ಎಲ್ಲಿಗೆ ಹೋಗಿ ಸಿಕ್ಕಿಹಾಕಿಕೊಳ್ಳುತ್ತಿತ್ತೋ. ಅವನು ಸ್ಕ್ರೂ ಬಿಚ್ಚಿ, ಎರಡೂ ಸುರುಳಿಗಳನ್ನು ಹಾಗೇ ಎತ್ತಿ, ಇನ್ನೊಂದು ಕ್ಯಾಸೆಟ್ಟಿನ ಖಾಲಿ ಚಿಪ್ಪಿಗೆ ಕೂರಿಸಿದ. ಅವನ ಕೈ ನಡುಗಲಿಲ್ಲ. ನಾನು ಉಸಿರು ಬಿಗಿಹಿಡಿದು ನಿಂತಿದ್ದೆ.

ಆಮೇಲೆ ಟೇಪನ್ನು ಪೂರ್ತಿ ಮುಂದಕ್ಕೆ ಓಡಿಸಿ, ಪೂರ್ತಿ ಹಿಂದಕ್ಕೆ ಸುತ್ತಿದ. ವರ್ಷಗಟ್ಟಲೆ ಅಲುಗದೆ ಬಿದ್ದಿದ್ದ ಸುರುಳಿಯ ಬಿಗಿ ಒಂದೇ ಸಮ ಆಗಲಿ ಅಂತ. ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿದ. ಹೆಡ್ಡಿನ ಪಕ್ಕ ಒಂದು ಸಣ್ಣ ಸ್ಕ್ರೂ ಇರುತ್ತದೆ. ಅದನ್ನು ಚೂರು ಚೂರೇ ತಿರುಗಿಸುತ್ತ, 'ಸ', 'ಶ' ಅಕ್ಷರಗಳು ಯಾವಾಗ ಚೂಪಾಗಿ ಕೇಳಿಸುತ್ತವೆ ಅಂತ ಕಿವಿಗೊಟ್ಟು ಕೂತ. ರೆಕಾರ್ಡ್ ಮಾಡಿದ ಯಂತ್ರದ ಹೆಡ್ ಎಷ್ಟು ಓರೆ ಇತ್ತೋ, ನುಡಿಸುವ ಯಂತ್ರದ್ದೂ ಅಷ್ಟೇ ಓರೆ ಇದ್ದರೆ ಮಾತ್ರ ದನಿ ಬಿಚ್ಚಿಕೊಳ್ಳುತ್ತದೆ. ಕೊನೆಗೆ ಯಂತ್ರದ ವೇಗ. 3,150 ಹರ್ಟ್ಜ್‌ನ ಒಂದೇ ದನಿ, ಅಂದರೆ ಸೆಕೆಂಡಿಗೆ ಅಷ್ಟು ಸಲ ಕಂಪಿಸುವ ದನಿ, ತುಂಬಿದ ಪರೀಕ್ಷೆ ಕ್ಯಾಸೆಟ್ ಹಾಕಿ ನೋಡಿದ. ಸರಿ ಇತ್ತು. 1963ರಲ್ಲಿ ಫಿಲಿಪ್ಸ್ ಕಂಪನಿ ಈ ಬಗೆಯ ಕ್ಯಾಸೆಟ್ ಹೊರತಂದಾಗಿನಿಂದ ಅದರ ವೇಗ ಸೆಕೆಂಡಿಗೆ 4.76 ಸೆಂಟಿಮೀಟರ್. ಯಾವ ಯಂತ್ರಕ್ಕಾದರೂ ಅದೇ ಲೆಕ್ಕ. ಮನೆಮನೆಯ ಯಂತ್ರಗಳು ಆ ಲೆಕ್ಕಕ್ಕೆ ಎಷ್ಟು ಮರ್ಯಾದೆ ಕೊಡುತ್ತಿದ್ದವು ಅನ್ನುವುದು ಬೇರೆ ಮಾತು.

ಮೊದಲ ಸಲ ಕೇಳಿದಾಗ ಮೈ ಜುಮ್ಮೆಂದದ್ದು ಹಾಡಿಗಲ್ಲ. ಅಜ್ಜ ಹಾಡಲು ಶುರು ಮಾಡುವ ಒಂದೆರಡು ಸೆಕೆಂಡ್ ಮುಂಚೆಯೇ, ಅದೇ ಸಾಲು ತೀರಾ ಸಣ್ಣಗೆ, ಗೋಡೆಯಾಚೆ ಯಾರೋ ಹಾಡಿದಂತೆ ಕೇಳಿಸಿತು. ಆಮೇಲೆ ನಿಜವಾದ ಸಾಲು ಬಂತು. ದೆವ್ವ ಗಿವ್ವ ಏನಲ್ಲ, ಸೌಂಡು ಹೇಳಿದ. ಸುತ್ತಿಟ್ಟ ಟೇಪಿನಲ್ಲಿ ಒಂದು ಪದರದ ಕಾಂತೀಯ ಗುರುತು ಪಕ್ಕದ ಪದರಕ್ಕೂ ಸ್ವಲ್ಪ ಇಳಿಯುತ್ತದೆ. ಇದಕ್ಕೆ ಪ್ರಿಂಟ್ ಥ್ರೂ ಅನ್ನುತ್ತಾರೆ. ನಮ್ಮದು 90 ನಿಮಿಷದ ಕ್ಯಾಸೆಟ್. ಅದರ ಟೇಪ್ 60 ನಿಮಿಷದ್ದಕ್ಕಿಂತ ತೆಳು, ಹಾಗಾಗಿ ಇಳಿಯುವುದೂ ಜಾಸ್ತಿ. ಇಷ್ಟು ಕೇಳಿದ್ದೇ ತಡ, ನನ್ನ ಚಿತ್ರ ಸಿಕ್ಕಿತು ಅಂದುಕೊಂಡೆ. ಹಾಡುವ ಮೊದಲೇ ಕೇಳಿಸುವ ಅಜ್ಜ! ಸೌಂಡು ಹೆಡ್‌ಫೋನ್ ತೆಗೆಯಲೇ ಇಲ್ಲ. 'ಸ್ವಲ್ಪ ತಡಿ, ಇಲ್ಲಿ ಇನ್ನೇನೋ ಇದೆ' ಅಂದ.

ಹಾಡಿನ ಅಡಿಯಲ್ಲಿ ಒಂದು 'ಗುಂಯ್' ಇತ್ತು. ಕರೆಂಟಿಗೆ ಸಿಕ್ಕಿಸಿ ರೆಕಾರ್ಡ್ ಮಾಡಿದ ಹಳೇ ಟೇಪುಗಳಲ್ಲಿ ಇದು ಮಾಮೂಲು. ಆದರೆ ಇದು ಒಂದೇ ಸಮ ಇರಲಿಲ್ಲ. ಏರಿ ಇಳಿದು, ಏರಿ ಇಳಿದು, ಸೆಕೆಂಡಿಗೆ ಮೂರು ಸಲ ಮಿಡಿಯುತ್ತಿತ್ತು. ಟೇಪ್ ನಿಲ್ಲಿಸಿದರೆ ಮಿಡಿತವೂ ನಿಲ್ಲುತ್ತದೆ, ಸಣ್ಣದೊಂದು ಗುಂಯ್ ಮಾತ್ರ ಉಳಿಯುತ್ತದೆ. ಸೌಂಡು ಅದನ್ನು ಕಂಪ್ಯೂಟರಿನಲ್ಲಿ ಸ್ಪೆಕ್ಟ್ರಮ್ ಮಾಡಿ, ಅಂದರೆ ಸದ್ದಿನಲ್ಲಿರುವ ಒಂದೊಂದು ಕಂಪನವನ್ನೂ ಬೇರೆ ಬೇರೆ ಗೆರೆಯಾಗಿ ಬಿಡಿಸಿ, ತೋರಿಸಿದ. ಕೆಳಗಡೆ ಪಕ್ಕಪಕ್ಕದಲ್ಲಿ ಎರಡು ಗೆರೆ. ಒಂದು 50 ಹರ್ಟ್ಜ್, ಇನ್ನೊಂದು 53. ಮೊದಲನೆಯದು ಈಗ ನುಡಿಸುತ್ತಿರುವ ಯಂತ್ರದ್ದು. ಎರಡನೆಯದು ಟೇಪಿನೊಳಗೇ ಇರುವುದು. ಎರಡೂ ಒಟ್ಟಿಗೆ ಕೇಳಿದರೆ ಅವುಗಳ ವ್ಯತ್ಯಾಸದಷ್ಟು, ಅಂದರೆ ಮೂರು ಮಿಡಿತ.

ಕರೆಂಟಿನ ಗುಂಯ್ 53 ಇರಲು ಸಾಧ್ಯವಿಲ್ಲ. ನಮ್ಮಲ್ಲಿ ಅದು 50, ಕೆಲವು ದೇಶಗಳಲ್ಲಿ 60. ಗ್ರಿಡ್ ಸ್ವಲ್ಪ ಹಿಂದೆ ಮುಂದೆ ಆಗುತ್ತಿರುತ್ತದೆ ಅಂದರೂ 53ಕ್ಕೆ ಹೋಗಿ ಕೂರುವುದಿಲ್ಲ. ಹಾಗಾದರೆ ಒಂದೇ ಅರ್ಥ. ಅಜ್ಜ ಹಾಡಿದ ದಿನ ಟೇಪ್ ರೆಕಾರ್ಡರ್ ನಿಧಾನವಾಗಿ ಓಡುತ್ತಿತ್ತು. ಬೆಲ್ಟ್ ಸಡಿಲ ಇತ್ತೋ ಏನೋ. ನಿಧಾನವಾಗಿ ಓಡಿದ ಟೇಪನ್ನು ಸರಿಯಾದ ವೇಗದಲ್ಲಿ ನುಡಿಸಿದರೆ ಎಲ್ಲವೂ ಬೇಗ ಓಡುತ್ತದೆ, ಶ್ರುತಿಯೂ ಏರುತ್ತದೆ. 50 ಇದ್ದದ್ದು 53 ಆಗಿದೆ ಅಂದರೆ ಶೇ. 6ರಷ್ಟು. ಸಂಗೀತ ಗೊತ್ತಿರುವವರು ಬೆರಳು ಮಡಚಿ ಹೇಳುತ್ತಾರೆ, ಅದು ಹೆಚ್ಚುಕಮ್ಮಿ ಸರಿಯಾಗಿ ಅರ್ಧ ಮನೆ. ಮನೆ ಅಂದರೆ ಹಾರ್ಮೋನಿಯಂನ ಕೀಲಿ, ಒಂದು ಬಿಳಿ ಕೀಲಿಗೂ ಪಕ್ಕದ ಕಪ್ಪು ಕೀಲಿಗೂ ಇರುವ ಅಂತರ ಅರ್ಧ ಮನೆ. ಅಜ್ಜ ಎರಡು ಮನೆ ಶ್ರುತಿಗೆ ಹಾಡುತ್ತಿದ್ದರು ಅಂತ ಮನೆಯವರೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದರು, ಅವರು ಹಾಡಿದ್ದು ಒಂದೂವರೆಗೆ.

ನಾನು ತಕ್ಷಣ ನಂಬಲಿಲ್ಲ. ಕಂಪ್ಯೂಟರಿನ ಎರಡು ಗೆರೆ ನೋಡಿ ಅಜ್ಜನ ಶ್ರುತಿ ಇಳಿಸುವುದು ಅಂದರೇನು? ಸಾಕ್ಷಿ ಇನ್ನೊಂದು ಬೇಕಿತ್ತು. ಅದು ಅಟ್ಟದ ಮೇಲಿತ್ತು.

ಹಾರ್ಮೋನಿಯಂ ಸುಮಾರಾಗಿ ಬದುಕಿತ್ತು. ತಿದಿ ಒಂದೆರಡು ಕಡೆ ಸೋರುತ್ತಿತ್ತು, ರೀಡುಗಳು, ಅಂದರೆ ಒಳಗೆ ದನಿ ಹೊರಡಿಸುವ ಲೋಹದ ಪಟ್ಟಿಗಳು, ನುಡಿಯುತ್ತಿದ್ದವು. ಒಂದು ಕಪ್ಪು ಮನೆ ಮಾತ್ರ ಒತ್ತಿದರೆ ಸ್ವರದ ಜೊತೆಗೆ 'ಬುಸ್' ಅನ್ನುತ್ತಿತ್ತು. ಅದು ಒಂದೂವರೆ ಮನೆ ಶ್ರುತಿಗೆ ಪಂಚಮ, ಅಂದರೆ 'ಪ' ಸ್ವರ. ನನಗೆ ಥಟ್ಟನೆ ಹೊಳೆಯಿತು. ಟೇಪಿನಲ್ಲೂ ಆ ಬುಸ್ ಇದೆ! ಅಜ್ಜ ಪಂಚಮ ಹಿಡಿದಾಗಲೆಲ್ಲ ಅದೂ ಜೊತೆಗೆ ಬರುತ್ತದೆ. ಟೇಪ್ ಹಾಕಿ, ಅದೇ ಸ್ವರವನ್ನು ಪೆಟ್ಟಿಗೆಯ ಮೇಲೆ ಹುಡುಕಿದೆ. ಕೂಡಿದ್ದು ಪಕ್ಕದ ಬಿಳಿ ಮನೆಗೆ. ಬಿಳಿ ಮನೆಯನ್ನು ಒಂದೇ ಒತ್ತಿ ನೋಡಿದೆ. ಸ್ವಚ್ಛ, ಬುಸ್ ಇಲ್ಲ. ಕಪ್ಪು ಒತ್ತಿದರೆ ಬುಸ್. ಅಂದಮೇಲೆ ಅಜ್ಜ ಒತ್ತಿದ್ದು ಕಪ್ಪನ್ನೇ, ಟೇಪು ಅದನ್ನು ಬಿಳಿಗೆ ಏರಿಸಿದೆ. ಆ ಕೆಟ್ಟ ರೀಡನ್ನು ಇಷ್ಟು ವರ್ಷ ಯಾರೂ ರಿಪೇರಿ ಮಾಡಿಸದೆ ಇದ್ದದ್ದು ಎಂಥ ಉಪಕಾರ ಅಲ್ವಾ?

ಸರಿಪಡಿಸುವುದು ಏನೂ ಕಷ್ಟವಲ್ಲ. ಸಾಫ್ಟ್‌ವೇರಿನಲ್ಲಿ ಎರಡು ದಾರಿ ಇರುತ್ತದೆ. ಒಂದು ಶ್ರುತಿಯನ್ನಷ್ಟೇ ಇಳಿಸುವುದು, ಇನ್ನೊಂದು ವೇಗವನ್ನೇ ಇಳಿಸುವುದು. ಇಲ್ಲಿ ಬೇಕಾದದ್ದು ಎರಡನೆಯದು. ಯಾಕೆಂದರೆ ಟೇಪಿನಲ್ಲಿ ಶ್ರುತಿ, ಲಯ, ಉಸಿರು, ಕೆಮ್ಮು ಎಲ್ಲವೂ ಒಟ್ಟಿಗೆ ಏರಿದೆ, ಒಟ್ಟಿಗೇ ಇಳಿಯಬೇಕು. ಇಳಿಸಿದ ಮೇಲೆ 4 ನಿಮಿಷದ ಹಾಡು 4 ನಿಮಿಷ 14 ಸೆಕೆಂಡ್ ಆಯಿತು. ದನಿ ತುಂಬಿಕೊಂಡಿತು. ಹಾಡುತ್ತಿರುವವರಿಗೆ ಹತ್ತು ವರ್ಷ ವಯಸ್ಸು ಹೆಚ್ಚಾದ ಹಾಗಿತ್ತು.

ಅದನ್ನು ಅತ್ತೆಗೆ ಕೇಳಿಸಿದೆ. ಅತ್ತೆ ಅಂದರೆ ಅಜ್ಜನ ಕೊನೆಯ ಮಗಳು, ಅಪ್ಪನ ತಂಗಿ. ಕ್ಯಾಸೆಟ್ ಇಷ್ಟು ವರ್ಷ ಉಳಿದದ್ದೇ ಅವರಿಂದ. ಅಜ್ಜ ಹೋದಾಗ ಅವರಿನ್ನೂ ಶಾಲೆಗೆ ಹೋಗುತ್ತಿದ್ದ ಹುಡುಗಿ. ಆಮೇಲೆ ಬೇಜಾರಾದಾಗೆಲ್ಲ ಈ ಕ್ಯಾಸೆಟ್ಟೇ ಗತಿ. ಅವರು ಹೆಡ್‌ಫೋನ್ ಹಾಕಿಕೊಂಡು ಕೇಳಿದರು. ಒಂದು ಸಾಲು ಮುಗಿಯುವಷ್ಟರಲ್ಲಿ ತೆಗೆದುಬಿಟ್ಟರು.

'ಇದು ಯಾರೇ?'

'ಅಜ್ಜನೇ ಅತ್ತೆ. ಟೇಪು ಬೇಗ ಓಡ್ತಿತ್ತು, ಸರಿ ಮಾಡಿದ್ದೀವಿ.'

'ಸರಿ ಮಾಡಿದ್ದೀಯಾ? ಅಪ್ಪನ್ನ ಮುದುಕನ್ನ ಮಾಡಿಟ್ಟಿದ್ದೀಯಲ್ಲೇ!'

ನಾನು 50, 53 ಅಂತ ವಿವರಿಸಲು ಹೋದೆ. ಅವರು ಕೈ ಅಡ್ಡ ಮಾಡಿದರು. 'ಅಪ್ಪನ ದನಿ ನಂಗೆ ಗೊತ್ತಿಲ್ವಾ? ತೆಳುವಾಗಿತ್ತು, ಹೀಗೆ ದಪ್ಪ ಅಲ್ಲ.' ಅದೃಷ್ಟಕ್ಕೆ ಕ್ಯಾಮೆರಾ ಓಡುತ್ತಿತ್ತು. ಅವರಿಗೂ ಗೊತ್ತಿತ್ತು. ಆ ಮಾತನ್ನು ಚಿತ್ರದಲ್ಲಿ ಇಟ್ಟುಕೊಳ್ಳಲಾ ಅಂತ ಆಮೇಲೆ ಕೇಳಿದಾಗ, 'ಇಟ್ಕೋ, ನಾನೇನು ಸುಳ್ಳು ಹೇಳಿದ್ನಾ?' ಅಂದರು.

ನೆನಪಿನ ಬಗ್ಗೆ ಮಾತಾಡಿಸುವಾಗ 'ನಿಮಗೇನು ನೆನಪಿದೆ' ಅಂತ ಕೇಳಿದರೆ ಸಿಗುವುದು ಸಿದ್ಧ ಮಾಡಿಟ್ಟ ಉತ್ತರ. 'ದೊಡ್ಡ ಮನುಷ್ಯ', 'ಬಹಳ ಶಿಸ್ತು' ಇತ್ಯಾದಿ. ಅದರ ಬದಲು ಹಾಡಿ ಅಂತ ಕೇಳುವುದು ವಾಸಿ. ಅತ್ತೆಯನ್ನು ಹಾಗೇ ಕೇಳಿದೆ. ಶ್ರುತಿ ಪೆಟ್ಟಿಗೆ ಇಲ್ಲ, ಟೇಪಿಲ್ಲ. ಕಣ್ಣು ಮುಚ್ಚಿ ಆ ಹಾಡಿನ ಎರಡು ಸಾಲು ಗುನುಗಿದರು. ಮನೆಗೆ ಬಂದು ಅಳೆದು ನೋಡಿದರೆ ಎರಡು ಮನೆ ಶ್ರುತಿ, ಟೇಪಿನ ಶ್ರುತಿಯೇ. 1994ರಲ್ಲಿ ಡೇನಿಯಲ್ ಲೆವಿಟಿನ್ ಎಂಬ ಸಂಶೋಧಕ ಇಂಥದ್ದನ್ನೇ ಪ್ರಯೋಗ ಮಾಡಿ ತೋರಿಸಿದ್ದರು. ಸಂಗೀತ ಕಲಿಯದ ಸಾಮಾನ್ಯ ಜನ ಕೂಡ, ತಾವು ಮತ್ತೆ ಮತ್ತೆ ಕೇಳಿದ ಹಾಡನ್ನು ನೆನಪಿನಿಂದ ಹಾಡುವಾಗ ರೆಕಾರ್ಡಿನ ಮೂಲ ಶ್ರುತಿಗೆ ತುಂಬ ಹತ್ತಿರ ಬರುತ್ತಾರೆ. ಅತ್ತೆಯ ನೆನಪಿನಲ್ಲಿ ದೋಷವೇ ಇರಲಿಲ್ಲ. ಅದು ಅಪ್ಪನನ್ನು ಬಿಟ್ಟು ಟೇಪನ್ನು ಹಿಡಿದಿಟ್ಟುಕೊಂಡಿತ್ತು, ಅಷ್ಟೇ.

ಇದನ್ನು ಅವರಿಗೆ ಹೇಳಲಿಲ್ಲ. ಹೇಳುವ ಅಗತ್ಯ ಇನ್ನೂ ಕಾಣುತ್ತಿಲ್ಲ.

ಅಜ್ಜನ ಜೊತೆ ತಬಲ ನುಡಿಸುತ್ತಿದ್ದವರೊಬ್ಬರು ಇದ್ದಾರೆ ಅಂತ ಅಪ್ಪ ಹೇಳಿದರು. ವಯಸ್ಸಾಗಿದೆ, ಬೆರಳು ಮೊದಲಿನಂತೆ ಓಡುವುದಿಲ್ಲ, ಕಿವಿ ಚುರುಕಾಗಿಯೇ ಇದೆ. ಅವರು ಈ ಕ್ಯಾಸೆಟ್ ಒಂದು ಸಲವೂ ಕೇಳಿರಲಿಲ್ಲ. ಅವರಿಗೆ ಏನೂ ಹೇಳದೆ ಮೊದಲು ಟೇಪ್ ಇದ್ದ ಹಾಗೇ ಹಾಕಿದೆ. ತಾತ ಹುಬ್ಬು ಗಂಟಿಕ್ಕಿದರು. ಮೊಣಕಾಲ ಮೇಲೆ ಬೆರಳಾಡಿಸಲು ನೋಡಿದರು, ಕೂಡಲಿಲ್ಲ. 'ಇದ್ಯಾಕಮ್ಮ ಹೀಗೆ ಓಡ್ತಿದೆ? ಅವರು ಯಾವತ್ತೂ ಇಷ್ಟು ಅವಸರ ಮಾಡಿದವರಲ್ಲ.' ಆಮೇಲೆ ಇಳಿಸಿದ್ದನ್ನು ಹಾಕಿದೆ. ಎರಡನೇ ಆವರ್ತದಲ್ಲಿ ಬೆರಳು ತಾನಾಗಿಯೇ ಹೊರಟಿತು. ನಿಲ್ಲಿಸಿದರೂ ಇನ್ನೊಂದು ಸುತ್ತು ಹೊಡೆದೇ ನಿಂತರು. ಶ್ರುತಿಯ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ ನೋಡಿ. ತಬಲದವರ ನೆನಪು ಲಯದಲ್ಲಿರುತ್ತದೆ. ಅವರದೂ ನೆನಪೇ ತಾನೇ, ಅದೇ ಕೊನೆಯ ಮಾತು ಅಂತ ನಾನು ಹೇಳುವುದಿಲ್ಲ. ಆದರೆ ಕರೆಂಟು, ಕೆಟ್ಟ ರೀಡು, ಮೊಣಕಾಲ ಮೇಲಿನ ಬೆರಳು ಮೂರೂ ಒಂದೇ ಕಡೆ ಕೈ ತೋರಿಸುತ್ತಿದ್ದವು.

ನನ್ನದೂ ಒಂದು ಪಾಲಿದೆ ಇದರಲ್ಲಿ. ಚಿಕ್ಕಂದಿನಿಂದ ಮನೆಯವರೆಲ್ಲ 'ಇವಳಿಗೆ ಅಜ್ಜನ ಕಂಠ ಬಂದಿದೆ' ಅನ್ನುತ್ತಿದ್ದರು. ನಾನು ಹಾಡು ಕಲಿತದ್ದೇ ಆ ಮಾತಿನ ಆಸರೆಯಲ್ಲಿ. ಈಗ ನೋಡಿದರೆ ನನ್ನ ದನಿ ಹೋಲುವುದು ಬೇಗ ಓಡುವ ಟೇಪನ್ನು. ಬಿರುದು ಅರ್ಧ ಮನೆ ಇಳಿಯಿತು. ಗೆಳತಿಯರು ಇದನ್ನೇ ಚಿತ್ರದ ಕೊನೆ ಮಾಡು ಅಂತ ಒತ್ತಾಯಿಸಿದರು. ನಾನು ಒಪ್ಪಲಿಲ್ಲ. ಚಿತ್ರ ಅತ್ತೆಯದು, ನಡುವೆ ನಾನು ಹೋಗಿ ಕೂತರೆ ಕೆಡುತ್ತಿತ್ತು.

ಚಿತ್ರೀಕರಣದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಎಲ್ಲರ ಪಾಡೂ ಒಂದೇ. ಫ್ಯಾನ್ ಆರಿಸು, ಫ್ರಿಜ್ ಆರಿಸು, ಮತ್ತೆ ಹಾಕುವುದನ್ನು ಮರೆಯಬೇಡ. ಪ್ರತಿ ಕೋಣೆಯಲ್ಲೂ ಎಲ್ಲರೂ ಬಾಯಿ ಮುಚ್ಚಿ ಒಂದು ನಿಮಿಷ ನಿಂತು, ಆ ಕೋಣೆಯ ಖಾಲಿ ಸದ್ದನ್ನು ಹಿಡಿಯಬೇಕು. ರೂಮ್ ಟೋನ್ ಅನ್ನುವ ಈ ಸದ್ದು ಇಲ್ಲದಿದ್ದರೆ ಎಡಿಟ್ ಮಾಡುವಾಗ ಮಾತಿನ ನಡುವಿನ ಜಾಗ ಸತ್ತು ಬೀಳುತ್ತದೆ. ಒಂದು ವಿಷಯ ಮಾತ್ರ ನಗು ತರಿಸಿತು. ಅತ್ತೆಯ ಕೋಣೆಯ ಎಲ್‌ಇಡಿ ದೀಪದಲ್ಲಿ ಚಿತ್ರದ ಮೇಲೆ ಕಪ್ಪು ಪಟ್ಟಿಗಳು ಹರಿಯುತ್ತಿದ್ದವು. ಕರೆಂಟ್ 50 ಹರ್ಟ್ಜ್ ಇರುವ ಕಡೆ ಇಂಥ ದೀಪ ಸೆಕೆಂಡಿಗೆ 100 ಸಲ ಮಿಣುಕುತ್ತದೆ, ಕಣ್ಣಿಗೆ ಕಾಣದು, ಕ್ಯಾಮೆರಾಗೆ ಕಾಣುತ್ತದೆ. ಶಟರನ್ನು ಸೆಕೆಂಡಿನ 50ನೇ ಒಂದು ಭಾಗಕ್ಕೆ ಇಟ್ಟ ಮೇಲೆ ಪಟ್ಟಿ ಹೋಯಿತು. ಟೇಪಿನಲ್ಲಿ ಹಿಡಿದದ್ದು ಸಾಲದು ಅಂತ ಆ 50 ಇಲ್ಲಿಗೂ ಬಂದಿತ್ತು.

ಹೆಚ್ಚು ತಲೆಕೆಡಿಸಿದ್ದು ಎಡಿಟಿಂಗ್. ನನ್ನ ಹತ್ತಿರ ಇಬ್ಬರು ಅಜ್ಜಂದಿರಿದ್ದರು. ಯಾರನ್ನು ಇಟ್ಟುಕೊಳ್ಳಲಿ? ಮೇಷ್ಟ್ರು ಒಂದು ಉಪಾಯ ಹೇಳಿದರು. ಚಿತ್ರದ ಉದ್ದಕ್ಕೂ ಹಾಡು ಗೊತ್ತೇ ಆಗದಷ್ಟು ನಿಧಾನವಾಗಿ ಎರಡರಿಂದ ಒಂದೂವರೆಗೆ ಜಾರಲಿ ಅಂತ. ಹೇಳುವಾಗ ಚೆನ್ನಾಗಿತ್ತು. ಮಾಡಿ ನೋಡಿದರೆ ಬ್ಯಾಟರಿ ಮುಗಿದ ರೇಡಿಯೋ ಆಯಿತು. ಅದಕ್ಕಿಂತ ಹೆಚ್ಚಾಗಿ, ಅದು ಅತ್ತೆ ತಪ್ಪು, ನಾವು ಸರಿ ಅಂತ ತೀರ್ಪು ಕೊಟ್ಟ ಹಾಗಿತ್ತು. ಕೊನೆಗೆ ಒಂದು ನಿಯಮ ಹಾಕಿಕೊಂಡೆ. ಅತ್ತೆಯ ಕೋಣೆಯಲ್ಲಿ ಟೇಪ್ ಹೇಗೆ ಓಡುತ್ತದೋ ಹಾಗೇ, ಅಲ್ಲಿನ ಸ್ಪೀಕರಿನಿಂದ ಬಂದ ಸದ್ದೇ ಇರಬೇಕು. ತಬಲದ ತಾತನ ಮುಂದೆ ಇಳಿಸಿದ ದನಿ. ಎರಡರ ನಡುವೆ ನಿರೂಪಣೆ ಇಲ್ಲ, 50 ಮತ್ತು 53ರ ಪಾಠ ಇಲ್ಲ. ಹಾರ್ಮೋನಿಯಂನ ಒಂದು ಶಾಟ್ ಮಾತ್ರ ಇದೆ. ಬೆರಳು ಬಿಳಿ ಮನೆ ಒತ್ತುತ್ತದೆ, ಕಪ್ಪು ಮನೆ ಒತ್ತುತ್ತದೆ, ಬುಸ್ ಅನ್ನುತ್ತದೆ. ಕಿವಿ ಇದ್ದವರಿಗೆ ಅಷ್ಟು ಸಾಕು.

ಸೌಂಡು ಮಿಕ್ಸಿಂಗ್ ಮಾಡುವಾಗ ಒಂದು ಜಗಳ ಆಯಿತು. ಅವನಿಗೆ ಆ ಗುಂಯ್ ತೆಗೆಯಬೇಕು. ಒಂದು ಗುಂಡಿಯ ಕೆಲಸ, ನನಗೂ ಗೊತ್ತು. ಆದರೆ ಅಜ್ಜನ ಶ್ರುತಿಗೆ ಅದೇ ಸಾಕ್ಷಿ, ತೆಗೆದುಬಿಟ್ಟರೆ ನಾಳೆ ಯಾರಾದರೂ ಪರೀಕ್ಷಿಸಲು ಏನುಳಿಯಿತು? ಕೊನೆಗೆ ರಾಜಿಯಾದೆವು. ಚಿತ್ರದಲ್ಲಿ ಗುಂಯ್ ಸ್ವಲ್ಪ ತಗ್ಗಿಸಿದೆವು, ಪೂರ್ತಿ ಅಳಿಸಲಿಲ್ಲ. ಮೊದಲು ತೆಗೆದ 96 ಕಿಲೋಹರ್ಟ್ಜ್, 24 ಬಿಟ್ ಕಡತವನ್ನು ಯಾರೂ ಮುಟ್ಟದಂತೆ ಎರಡು ಕಡೆ ಇಟ್ಟೆವು. ಗದ್ದಲ ತೆಗೆಯುವ ಸಾಫ್ಟ್‌ವೇರ್ ಬಗ್ಗೆ ಒಂದು ಮಾತು. ಜೋರಾಗಿ ಉಜ್ಜಿದರೆ ಅದು ಉಸಿರನ್ನೂ ಗದ್ದಲ ಅಂದುಕೊಂಡು ಒರೆಸಿಹಾಕುತ್ತದೆ. ಹಾಡುವವರು ಉಸಿರೇ ಎಳೆಯದೆ ಸಾಲು ಸಾಲು ಹಾಡುತ್ತಾ ಹೋಗುತ್ತಾರೆ. ಕೇಳುವವರಿಗೆ ಉಸಿರು ಕಟ್ಟುತ್ತದೆ.

ಹಕ್ಕಿನ ವಿಷಯಕ್ಕೆ ಬಂದಾಗ ಕ್ಯಾಸೆಟ್ಟಿನ ಮೊದಲ ಮಗ್ಗುಲು ಪೂರ್ತಿ ಕೈಬಿಟ್ಟೆ. ಅಲ್ಲಿ ಅಜ್ಜ ಹಾಡಿರುವುದು ಒಂದು ಸಿನಿಮಾ ಹಾಡು. ದನಿ ನಮ್ಮಜ್ಜನದೇ, ಹಾಗಾಗಿ ರೆಕಾರ್ಡ್ ಕಂಪನಿಯ ಅನುಮತಿ ಬೇಡ. ಆದರೆ ಸಾಹಿತ್ಯ, ಧಾಟಿ ಬೇರೆಯವರದು, ಅದಕ್ಕೆ ಬೇಕೇ ಬೇಕು. ರೆಕಾರ್ಡಿಗೊಂದು ಹಕ್ಕು, ಹಾಡಿಗೊಂದು ಹಕ್ಕು, ಇವೆರಡೂ ಬೇರೆ ಬೇರೆ ಅನ್ನುವುದು ಎಷ್ಟೋ ಜನಕ್ಕೆ ಚಿತ್ರೋತ್ಸವದ ಅರ್ಜಿ ತುಂಬುವಾಗಲೇ ಗೊತ್ತಾಗುವುದು. ಬರೆದವರು ತೀರಿಕೊಂಡ ಮೇಲೂ ಕನಿಷ್ಠ 50 ವರ್ಷ ಹಕ್ಕು ಇರಬೇಕು ಅಂತ ಕೃತಿಗಳ ಹಕ್ಕಿನ ಅಂತರರಾಷ್ಟ್ರೀಯ ಒಪ್ಪಂದವಾದ ಬರ್ನ್ ಒಪ್ಪಂದ ಹೇಳುತ್ತದೆ. ಭಾರತದಲ್ಲಿ ಅದು 60, ಬಹಳ ದೇಶಗಳಲ್ಲಿ 70. ಎರಡನೇ ಮಗ್ಗುಲಲ್ಲಿ ಇದ್ದದ್ದು ಅಜ್ಜ ತಾವೇ ಕಟ್ಟಿದ ಪದಗಳು. ಅದಕ್ಕೆ ಅಪ್ಪ, ಅತ್ತೆ ಇಬ್ಬರ ಸಹಿ ಸಾಕಾಯಿತು. ಮನೆಯವರೇ ತಾನೇ ಅಂತ ಬಿಡದೆ ಕಾಗದದ ಮೇಲೆ ಬರೆಸಿಕೊಳ್ಳಿ. ಆಮೇಲೆ ಕೇಳಲು ಹೋದರೆ ಸಂಕೋಚ.

ಎಲ್ಲ ಮುಗಿಯಿತು ಅಂದುಕೊಂಡಾಗ ಇನ್ನೊಂದು ಆಟ ನಡೆಯಿತು. ನಾವು ಚಿತ್ರ ತೆಗೆದದ್ದು ಸೆಕೆಂಡಿಗೆ 25 ಫ್ರೇಮಿನಲ್ಲಿ. ಥಿಯೇಟರಿಗೆ ಕೊಡುವ ಡಿಸಿಪಿ ಕಡತ 24ರಲ್ಲಿ ಬೇಕು ಅಂದರು. ತಯಾರಾಗಿ ಬಂದದ್ದನ್ನು ನೋಡಿದರೆ 14 ನಿಮಿಷದ ಚಿತ್ರ 14 ನಿಮಿಷ 35 ಸೆಕೆಂಡ್! ಫ್ರೇಮುಗಳನ್ನು ಹಾಗೇ ಇಟ್ಟು ಓಟ ನಿಧಾನ ಮಾಡಿದ್ದರು. ಚಿತ್ರದ ಜೊತೆ ಸದ್ದೂ ಇಳಿದಿತ್ತು, ಅರ್ಧ ಮನೆಗಿಂತ ತುಸು ಕಡಿಮೆ. ಅಷ್ಟು ಕಷ್ಟಪಟ್ಟು ಒಂದೂವರೆಗೆ ತಂದಿದ್ದ ಅಜ್ಜ ಒಂದರ ಹತ್ತಿರ ಹೋಗಿ ನಿಂತಿದ್ದರು. ಚಿತ್ರ 24ರಲ್ಲೇ ಓಡಲಿ, ಶ್ರುತಿ ಮಾತ್ರ ಇಳಿಯಬಾರದು ಅಂತ ಸೌಂಡು ಮತ್ತೆ ಕೂತು ಸದ್ದಿನ ಪಟ್ಟಿಯನ್ನು ಬೇರೆಯಾಗಿ ಹೊಂದಿಸಿದ.

ಇದೇ ಲೆಕ್ಕ ಉಲ್ಟಾ ಹೊಡೆದರೆ ಇನ್ನೊಂದು ಮಜಾ ಇದೆ. 24 ಫ್ರೇಮಿನ ಸಿನಿಮಾವನ್ನು 25ರ ಟಿವಿ ವ್ಯವಸ್ಥೆಗೆ ಹೊಂದಿಸುವಾಗ ಸುಮ್ನೆ ಶೇ. 4ರಷ್ಟು ಬೇಗ ಓಡಿಸುವುದು ಹಳೇ ವಾಡಿಕೆ. ಹಾಗೆ ಟಿವಿಯಲ್ಲಿ ಸಿನಿಮಾ ಹಾಡು ಕೇಳಿ ಬೆಳೆದವರ ಕಿವಿಯಲ್ಲಿ ಆ ಹಾಡುಗಳೆಲ್ಲ ಥಿಯೇಟರಿಗಿಂತ ಒಂದು ಎಳೆ ಮೇಲಿನ ಶ್ರುತಿಯಲ್ಲಿ ಕೂತಿವೆ. ಅತ್ತೆಯ ಹಾಗೆ ಎಷ್ಟು ಜನ ಇದ್ದಾರೋ.

ಪ್ರದರ್ಶನದ ದಿನ ನಮ್ಮ ಚಿತ್ರಗಳನ್ನು ಒಂದರ ಹಿಂದೊಂದು ಹಾಕಿದರು. ಆಸ್ಕರ್ ಲೆಕ್ಕದಲ್ಲಿ 40 ನಿಮಿಷದವರೆಗಿನದು ಕಿರುಚಿತ್ರವೇ. ಆದರೆ ಸಾಲಾಗಿ ಕೂತು ನೋಡುವವರಿಗೆ 15 ದಾಟಿದರೆ ಕುರ್ಚಿ ಸದ್ದು ಶುರುವಾಗುತ್ತದೆ. ದನಿ ಒಡೆದ ಹುಡುಗ ತನ್ನ ಹಳೇ ರೆಕಾರ್ಡಿಂಗ್ ಜೊತೆಗೆ ಈಗಿನ ದನಿಯಲ್ಲಿ ಹಾಡಿದ್ದ, ಎರಡು ದನಿ ಒಂದೇ ಹಾಡು. ನನಗೆ ಅದು ಸ್ವಲ್ಪ ಜಾಸ್ತಿ ಚೆಂದವಾಯಿತು ಅನ್ನಿಸಿತು. ಅವನ ಸಿಟ್ಟು ಅದರಲ್ಲಿ ಕಾಣಲಿಲ್ಲ.

ಜೋಗುಳದ ಹುಡುಗಿಯದು ಎಲ್ಲರಿಗಿಂತ ಮೇಲು. ಅವಳು ಜೋಗುಳಕ್ಕೆ ಸಬ್‌ಟೈಟಲ್ ಹಾಕಿರಲಿಲ್ಲ. ತನಗೆ ಅರ್ಥವಾಗದ್ದು ನೋಡುವವರಿಗೂ ಅರ್ಥವಾಗಬಾರದು ಅಂತ ಅವಳ ಹಟ. ಕತ್ತಲಲ್ಲಿ ಎಲ್ಲರೂ ಗದ್ಗದರಾಗಿ ಕೂತಿದ್ದಾಗ, ಹಿಂದಿನ ಸಾಲಿನಲ್ಲಿ ವಯಸ್ಸಾದವರೊಬ್ಬರು ಕಿಸಕ್ಕನೆ ನಕ್ಕರು. ಎಲ್ಲರೂ ತಿರುಗಿ ನೋಡಿದರು. ಅವರಿಗೆ ಆ ಭಾಷೆ ಬರುತ್ತಿತ್ತು. ಆಮೇಲೆ ಅವಳೇ ಓಡಿಹೋಗಿ ಕೇಳಿದಳು. ಆ ಸಾಲಿನಲ್ಲಿ ಅಜ್ಜಿ, ಮಲಗದೆ ಕಾಡುವ ಮಗುವಿಗೂ ಅದರಪ್ಪನಿಗೂ ಸೇರಿಸಿ ಬೈದಿದ್ದಾರಂತೆ. ಏನಂತ ಬೈದಿದ್ದಾರೆ ಅಂತ ಅವರು ಎಲ್ಲರೆದುರು ಹೇಳಲಿಲ್ಲ, ಅವಳ ಕಿವಿಯಲ್ಲಿ ಹೇಳಿದರು. ಈಗಲೂ ಅವಳು ಸಬ್‌ಟೈಟಲ್ ಹಾಕಿಲ್ಲ.

ನನ್ನ ಚಿತ್ರ ಮುಗಿದ ಮೇಲೆ ಒಬ್ಬರು ಎದ್ದು, 'ಹಾಗಾದರೆ ನಿಮ್ಮಜ್ಜನ ನಿಜವಾದ ದನಿ ಯಾವುದು?' ಅಂತ ಕೇಳಿದರು. ನಾನು ಉತ್ತರ ಹುಡುಕುವಷ್ಟರಲ್ಲಿ ಮುಂದಿನ ಸಾಲಿನಿಂದ ಅತ್ತೆ, 'ನನ್ನ ಕೋಣೇಲಿ ಹಾಡಿದ್ದು' ಅಂದರು. ಚಪ್ಪಾಳೆ ಬಿತ್ತು. ಅಪ್ಪ ಪಕ್ಕದಲ್ಲಿ ಸುಮ್ಮನೆ ಕೂತಿದ್ದರು. ಮನೆಗೆ ಬಂದಮೇಲೆ ಇಳಿಸಿದ್ದನ್ನು ಪೆನ್ ಡ್ರೈವಿಗೆ ಹಾಕಿಕೊಡು ಅಂದರು. ಇಬ್ಬರಿಗೂ ಅವರವರದನ್ನು ಕೊಟ್ಟೆ.

ಅಂದಿನಿಂದ ಪರಿಚಯದವರು ಕ್ಯಾಸೆಟ್ ಹಿಡಿದುಕೊಂಡು ಬರುತ್ತಿದ್ದಾರೆ. ಅಮ್ಮ ಹಾಡಿದ್ದು, ಮಾವ ಕೊಳಲು ನುಡಿಸಿದ್ದು. ಸೌಂಡುಗೆ ಪುರುಸೊತ್ತಿಲ್ಲ, ಈಗ ಚಿಪ್ಪು ಬಿಚ್ಚುವುದು ನನಗೂ ಬರುತ್ತದೆ. ಬಂದವರಿಗೆ ಎರಡು ಮಾತು ಹೇಳುತ್ತೇನೆ. ಫೆಲ್ಟ್ ನೋಡದೆ ಪ್ಲೇ ಒತ್ತಬೇಡಿ. ಆವತ್ತು ಜೊತೆಗೆ ನುಡಿಸಿದ ಹಾರ್ಮೋನಿಯಮ್ಮೋ ಕೊಳಲೋ ಮನೆಯಲ್ಲಿ ಇನ್ನೂ ಇದ್ದರೆ, ಅದನ್ನೂ ಜೊತೆಗೆ ತನ್ನಿ. ರಿಪೇರಿ ಮಾತ್ರ ಮಾಡಿಸಬೇಡಿ.